ನಾಲಿಗೆಯ ಕೆಳಗೆ ಹತ್ತು ನಿಮಿಷ

ಮೊದಲು ನನ್ನ ಗಮನಕ್ಕೆ ಬಂದದ್ದು ತಮ್ಮನ ಆಕಳಿಕೆ. 2022ರ ಜೂನ್ ತಿಂಗಳು. ಒಂದಾದ ಮೇಲೆ ಒಂದು ಆಕಳಿಸುತ್ತಲೇ ಇದ್ದ. ಮೂಗು ಸೋರುತ್ತಿತ್ತು, ಕಣ್ಣಲ್ಲಿ ನೀರು. ಸೆಕೆಯಲ್ಲೂ ತೋಳಿನ ಕೂದಲು ನೆಟ್ಟಗೆ ನಿಂತಿತ್ತು. ಕಾಲು ಸೆಳೀತಿದೆ ಅಂತ ಹಾಸಿಗೆಯಲ್ಲಿ ಹೊರಳಾಡಿದ. ರಾತ್ರಿ ಐದು ಸಲ ಬಾತ್‌ರೂಮಿಗೆ ಓಡಿದ. ನಾನು ಡೆಂಗಿ ಇರಬೇಕು ಅಂದುಕೊಂಡೆ. ರಕ್ತ ಪರೀಕ್ಷೆ ಮಾಡಿಸಿದೆವು, ಏನೂ ಇರಲಿಲ್ಲ. ಮಾರನೆಯ ದಿನ ಸಂಜೆ ಅರ್ಧ ಗಂಟೆ ಹೊರಗೆ ಹೋಗಿ ಬಂದ. ಬಂದವನು ಆರಾಮಾಗಿದ್ದ. ನನ್ನ ಮಗಳ ಹೋಂವರ್ಕ್‌ಗೆ ಚಿತ್ರ ಬರೆದುಕೊಟ್ಟ. ಅರ್ಧ ಗಂಟೆಯಲ್ಲಿ ವಾಸಿಯಾಗುವ ಜ್ವರ ಯಾವುದು ಎಂದು ನಾನು ಕೇಳಲೇ ಇಲ್ಲ.

ಎರಡು ವಾರ ಕಳೆದ ಮೇಲೆ ಅವನ ಜಾಕೆಟ್ ಒಗೆಯಲು ತೆಗೆದೆ. ಒಳಜೇಬಿನಲ್ಲಿ ಮಾತ್ರೆಯ ನಾಲ್ಕು ಖಾಲಿ ಸ್ಟ್ರಿಪ್ ಸಿಕ್ಕಿದವು. ಒಂದನ್ನು ಮೆಡಿಕಲ್ ಸ್ಟೋರಿಗೆ ತೆಗೆದುಕೊಂಡು ಹೋಗಿ ತೋರಿಸಿದೆ. ಅವರು ತಿರುಗಿಸಿ ನೋಡಿ, "ಟ್ಯಾಪೆಂಟಡಾಲ್. ಆಪರೇಷನ್ ಆದವರಿಗೆ, ತುಂಬಾ ನೋವಿರೋರಿಗೆ ಕೊಡೋದು ಮೇಡಂ. ಮನೇಲಿ ಯಾರಿಗೆ ಹುಷಾರಿಲ್ಲ?" ಎಂದರು. ಯಾರಿಗೂ ಇಲ್ಲ ಎಂದು ಹೇಳಿ ಬಂದುಬಿಟ್ಟೆ.

ನಾನು ಶಾಲೆಯಲ್ಲಿ ಪಾಠ ಮಾಡುವವಳು. ಜೂನ್ 26ರ ಮಾದಕ ವಸ್ತು ವಿರೋಧಿ ದಿನಕ್ಕೆ ಮಕ್ಕಳಿಂದ ಪ್ರತಿಜ್ಞೆ ಮಾಡಿಸಿ ಇನ್ನೂ ವಾರ ಆಗಿರಲಿಲ್ಲ. ಆ ದಿನ ನಾನು ಮಕ್ಕಳಿಗೆ ತೋರಿಸಿದ ಚಿತ್ರಗಳಲ್ಲಿ ಸಿರಿಂಜ್ ಇತ್ತು, ತಲೆಬುರುಡೆ ಇತ್ತು. ಮೆಡಿಕಲ್ ಸ್ಟೋರಿನ ಬೆಳ್ಳಿ ಬಣ್ಣದ ಸ್ಟ್ರಿಪ್ ಇರಲಿಲ್ಲ.

ಅವತ್ತು ರಾತ್ರಿ ತಮ್ಮ ಎಲ್ಲವನ್ನೂ ಹೇಳಿದ. ಅವನು ಬೆಂಗಳೂರಲ್ಲಿ ಕ್ಯಾಬ್ ಓಡಿಸುತ್ತಿದ್ದ. 2017ರಲ್ಲಿ ರಾತ್ರಿ ಡ್ಯೂಟಿ ಮಾಡಿ ಬೆನ್ನು ಹಿಡಿದುಕೊಂಡಾಗ ಜೊತೆಯ ಡ್ರೈವರ್ ಒಬ್ಬ ಟ್ರಮಡಾಲ್ ಎಂಬ ನೋವಿನ ಮಾತ್ರೆ ಕೊಟ್ಟಿದ್ದನಂತೆ. ನೋವು ಹೋಯಿತು. ನೋವಿನ ಜೊತೆ ಇನ್ನೂ ಏನೇನೋ ಹೋಯಿತು ಅಂದ. ಏನು ಎಂದು ಕೇಳಿದೆ. "ಅಪ್ಪನ ಯೋಚನೆ ಬರ್ತಿರಲಿಲ್ಲ ಅಕ್ಕ" ಅಂದ.

2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಟ್ರಮಡಾಲನ್ನು ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಗೆ ಸೇರಿಸಿತು. ಅಂದರೆ ಮಾದಕ ವಸ್ತುಗಳ ಕಾನೂನಿನ ಅಡಿಗೆ. ತಮ್ಮನಿಗೆ ಇದೆಲ್ಲ ಗೊತ್ತಿರಲಿಲ್ಲ. ಅವನಿಗೆ ಗೊತ್ತಾದದ್ದು ಇಷ್ಟೇ: ಅಂಗಡಿಯವರು ಕೊಡುವುದನ್ನು ನಿಲ್ಲಿಸಿದರು, ಮೂರು ದಿನ ಮೈ ನುಗ್ಗಾಯಿತು, ನಾಲ್ಕನೆಯ ದಿನ ಅದೇ ಗೆಳೆಯ ಬೇರೆ ಹೆಸರಿನ ಮಾತ್ರೆ ತಂದುಕೊಟ್ಟ. ಟ್ಯಾಪೆಂಟಡಾಲ್ ಆಗ ಆ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿಗೆ ಒಂದು ಹೆಸರು ಸೇರಿತು. ಆ ಮಾತ್ರೆಗೆ ಸಿಕ್ಕಿಬಿದ್ದಿದ್ದವರು ಎಲ್ಲಿಗೆ ಹೋಗಬೇಕು ಎಂದು ಯಾವ ಅಂಗಡಿಯ ಬಾಗಿಲಲ್ಲೂ ಒಂದು ಚೀಟಿ ಅಂಟಿಸಿರಲಿಲ್ಲ.

ಇದನ್ನು ಕೇಳುವಾಗ ನನಗೆ 2007ರ ಜುಲೈ ನೆನಪಾಯಿತು.

ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಅಪ್ಪ ಪ್ಯಾಕೆಟ್ ಸಾರಾಯಿ ಕುಡಿಯುತ್ತಿದ್ದರು. ಬೆಳಗ್ಗೆ ಒಂದು ಕುಡಿಯದೆ ಹಲ್ಲುಜ್ಜುವ ಬ್ರಷ್ ಹಿಡಿಯಲು ಅವರ ಕೈಲಿ ಆಗುತ್ತಿರಲಿಲ್ಲ. ಆ ವರ್ಷದ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧ ಆಯಿತು. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಪಕ್ಕದ ಮನೆಯವರ ಜೊತೆ ಕೂತು ಒಬ್ಬಟ್ಟು ಮಾಡಿದಳು. ನಾನಾಗ ಪಿಯುಸಿ, ತಮ್ಮನಿಗೆ ಹನ್ನೊಂದು ವರ್ಷ.

ಎರಡನೆಯ ದಿನ ಅಪ್ಪನ ಕೈಕಾಲು ನಡುಗಲು ಶುರುವಾಯಿತು. ಬೆವರು ಸುರಿಯಿತು. ಗೋಡೆ ಮೇಲೆ ಹುಳ ಹರಿಯುತ್ತಿವೆ, ಹೊಡೀರಿ ಎಂದು ಕೂಗಿದರು. ಮೂರನೆಯ ದಿನ ಫಿಟ್ಸ್ ಬಂತು. ತಮ್ಮ ಅಲ್ಲೇ ಪಕ್ಕದಲ್ಲಿ ನಿಂತಿದ್ದ. ಕೈಗೆ ಕಬ್ಬಿಣದ ಬೀಗದ ಕೈ ಕೊಡಿ ಅಂದರು ಯಾರೋ. ಗಾಳಿ ಸೋಕಿದೆ ಅಂದರು ಇನ್ಯಾರೋ. ಕೊನೆಗೆ ಚಿಕ್ಕಪ್ಪ ಪೇಟೆಗೆ ಹೋಗಿ ಒಂದು ಕ್ವಾರ್ಟರ್ ವಿಸ್ಕಿ ತಂದರು. ಅದನ್ನು ಕುಡಿದ ಮೇಲೆ ನಡುಕ ನಿಂತಿತು. ಅವತ್ತಿನಿಂದ ಅಪ್ಪ ವಿಸ್ಕಿ ಕುಡಿಯತೊಡಗಿದರು. ಅದಕ್ಕೆ ದುಡ್ಡು ಜಾಸ್ತಿ. ಮೊದಲು ಹಸು ಹೋಯಿತು, ಆಮೇಲೆ ಅಮ್ಮನ ಓಲೆ.

ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಚಿಕಿತ್ಸೆ ಸಿಗದಿದ್ದರೆ ಜೀವವೂ ಹೋಗಬಹುದು ಎಂದು ನನಗೆ ಗೊತ್ತಾದದ್ದು ಹದಿನೈದು ವರ್ಷ ಆದ ಮೇಲೆ. ಅದಕ್ಕೆ ಐದಾರು ದಿನದ ಸರಿಯಾದ ಔಷಧಿ ಇದೆ. ಸಾರಾಯಿ ನಿಲ್ಲುವ ದಿನ ಯಾವುದು ಎಂದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಆ ದಿನ ನಮ್ಮ ಊರಿಗೆ ಆ ಔಷಧಿ ಹಿಡಿದು ಒಬ್ಬ ನರ್ಸ್ ಬಂದಿದ್ದರೆ? ನಾನು ಇದನ್ನು ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ. ಅಪ್ಪ 2013ರಲ್ಲಿ ರಕ್ತ ವಾಂತಿ ಮಾಡಿಕೊಂಡು ತೀರಿಹೋದರು. ಅದಕ್ಕೆ ಮೊದಲು ಕಲ್ಯಾಣ ಮಂಟಪದಲ್ಲಿ ನಡೆದ ಎಂಟು ದಿನದ ಮದ್ಯವರ್ಜನ ಶಿಬಿರಕ್ಕೆ ಒಮ್ಮೆ ಹೋಗಿದ್ದರು. ಐದು ತಿಂಗಳು ಕುಡಿಯಲಿಲ್ಲ. ನಮ್ಮ ಮನೆಯ ಒಳ್ಳೆಯ ಐದು ತಿಂಗಳು ಅವು.

ತಮ್ಮನ ವಿಷಯ ತಿಳಿದಾಗ ನಾನು ಮಾಡಿದ ಮೊದಲ ಕೆಲಸ ದೊಡ್ಡ ತಪ್ಪು. ಅದನ್ನೂ ಬರೆಯಬೇಕು.

ಪರಿಚಯದವರೊಬ್ಬರು ಊರ ಹೊರಗಿನ ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರದ ನಂಬರ್ ಕೊಟ್ಟರು. ತಿಂಗಳಿಗೆ 15 ಸಾವಿರ, ಮೂರು ತಿಂಗಳ ಕೋರ್ಸ್ ಅಂದರು ಫೋನಿನಲ್ಲಿ. ಹುಡುಗ ಒಪ್ಪುತ್ತಿಲ್ಲ ಅಂದೆ. "ಒಪ್ಪೋದು ಬೇಡ, ನಾವೇ ಬಂದು ಕರ್ಕೊಂಡು ಹೋಗ್ತೀವಿ" ಅಂದರು. ಬೆಳಗಿನ ಜಾವ ಐದು ಗಂಟೆಗೆ ವ್ಯಾನ್ ಬಂತು. ನಾಲ್ಕು ಜನ ಇಳಿದರು. ಮಲಗಿದ್ದವನನ್ನು ಎತ್ತಿಕೊಂಡು ಹೋದರು. "ಅಕ್ಕಾ, ಬೇಡ ಅಕ್ಕಾ" ಅಂತ ಕೂಗಿದ. ನಾನು ಕಾಗದಕ್ಕೆ ಸಹಿ ಹಾಕಿದೆ. ಒಳ್ಳೆಯದಕ್ಕೇ ಮಾಡುತ್ತಿದ್ದೇನೆ ಎಂದು ನಂಬಿದ್ದೆ.

ಮೊದಲ ತಿಂಗಳು ಫೋನ್ ಇಲ್ಲ, ಭೇಟಿ ಇಲ್ಲ ಎಂದಿದ್ದರು. 24ನೆಯ ದಿನ ನಾನು ತಡೆಯಲಾರದೆ ಹೋದೆ. ಜಗಳ ಮಾಡಿ ಒಳಗೆ ಹೋದೆ. ಒಂದು ಹಾಲಿನಲ್ಲಿ ಮೂವತ್ತಕ್ಕೂ ಜಾಸ್ತಿ ಜನ. ಕಿಟಕಿಗಳಿಗೆಲ್ಲ ತಗಡು. ಡಾಕ್ಟರ್ ಎಲ್ಲಿ ಎಂದರೆ ಉತ್ತರವಿಲ್ಲ. ತಮ್ಮನ ಕಣಕಾಲಿನಲ್ಲಿ ಸರಪಳಿಯ ಗುರುತು ಇತ್ತು. ಮಾತ್ರೆ ನಿಂತ ಮೊದಲ ವಾರ ಅವನನ್ನು ಕಿಟಕಿಯ ಸರಳಿಗೆ ಕಟ್ಟಿದ್ದರಂತೆ. ಔಷಧಿ ಒಂದೂ ಕೊಟ್ಟಿರಲಿಲ್ಲ. ನನ್ನನ್ನು ನೋಡಿ ಅವನು ಏನೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತೇ ಕರೆದುಕೊಂಡು ಬಂದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಜಾರಿಗೆ ಬಂದು ಆಗಲೇ ನಾಲ್ಕು ವರ್ಷ ದಾಟಿತ್ತು. ಮದ್ಯ, ಮಾದಕ ವಸ್ತುಗಳಿಂದ ಆಗುವ ಮನಸ್ಸಿನ ತೊಂದರೆಗಳೂ ಅದರ ಒಳಗೆ ಬರುತ್ತವೆ. ಯಾವ ರೀತಿಯಲ್ಲೂ ರೋಗಿಯನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಇಂಥ ಕೇಂದ್ರ ನಡೆಸಲು ನೋಂದಣಿ ಬೇಕು. ಇದನ್ನು ನಾನು ಸಹಿ ಹಾಕುವ ಮೊದಲು ಓದಬೇಕಿತ್ತು. ಇದನ್ನು ಓದುತ್ತಿರುವ ಯಾರಾದರೂ ಅಂಥ ಕಾಗದ ಕೈಯಲ್ಲಿ ಹಿಡಿದಿದ್ದರೆ ದಯವಿಟ್ಟು ಎರಡು ಪ್ರಶ್ನೆ ಕೇಳಿ. ನೋಂದಣಿ ಪತ್ರ ಎಲ್ಲಿದೆ? ಡಾಕ್ಟರ್ ಯಾರು, ಯಾವಾಗ ಬರುತ್ತಾರೆ?

ಮನೆಗೆ ಬಂದ ಹನ್ನೊಂದನೆಯ ದಿನ ತಮ್ಮ ಮತ್ತೆ ಮಾತ್ರೆ ತೆಗೆದುಕೊಂಡ. ಮೊದಲು ತೆಗೆದುಕೊಳ್ಳುತ್ತಿದ್ದಷ್ಟೇ. ಆದರೆ ಒಂದು ತಿಂಗಳು ಬಿಟ್ಟ ಮೈಗೆ ಅಷ್ಟನ್ನು ತಡೆಯುವ ಶಕ್ತಿ ಹೋಗಿರುತ್ತದೆ. ಬಲವಂತವಾಗಿ ಬಿಡಿಸಿ ಹೊರಗೆ ಕಳಿಸಿದ ಮೇಲಿನ ದಿನಗಳೇ ಎಲ್ಲಕ್ಕಿಂತ ಅಪಾಯದವು. ನನಗೆ ಯಾರೂ ಹೇಳಿರಲಿಲ್ಲ. ರಾತ್ರಿ ಹತ್ತಕ್ಕೆ ನೀರು ಕುಡಿಯಲು ಎದ್ದಾಗ ಅವನ ಗೊರಕೆ ಕೇಳಿಸಿತು. ಅದು ಗೊರಕೆಯ ಹಾಗಿರಲಿಲ್ಲ. ನಿಂತು ನಿಂತು ಬರುತ್ತಿತ್ತು. ದೀಪ ಹಾಕಿದೆ. ತುಟಿ ನೀಲಿ. ಎಷ್ಟು ಅಲುಗಾಡಿಸಿದರೂ ಏಳಲಿಲ್ಲ.

ಪಕ್ಕದ ಮನೆಯವರ ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಸ್ಟ್ರಿಪ್ ಕೈಯಲ್ಲೇ ಹಿಡಿದುಕೊಂಡು ಹೋಗಿದ್ದೆ. ಅದನ್ನು ನೋಡಿದ ತಕ್ಷಣ ಡ್ಯೂಟಿ ಡಾಕ್ಟರ್, ಇಂಥ ಮಾತ್ರೆಯ ಪರಿಣಾಮ ತಡೆಯುವ ನಲಾಕ್ಸೋನ್ ಇಂಜೆಕ್ಷನ್ ಕೊಟ್ಟರು. ಕೆಲವೇ ನಿಮಿಷಗಳಲ್ಲಿ ಅವನು ದೊಡ್ಡದಾಗಿ ಉಸಿರೆಳೆದುಕೊಂಡು ಕಣ್ಣು ಬಿಟ್ಟ. ಆಮೇಲೆ ಸಿಸ್ಟರ್ ಎಂಎಲ್‌ಸಿ, ಅಂದರೆ ಮೆಡಿಕೊ ಲೀಗಲ್ ಕೇಸ್, ಬರೆಯಬೇಕು ಅಂದರು. ಅದು ಬರೆದರೆ ಪೊಲೀಸರಿಗೆ ಮಾಹಿತಿ ಹೋಗುತ್ತದೆ. ನನ್ನ ಕೈಕಾಲು ತಣ್ಣಗಾಯಿತು. ತಮ್ಮನ ಜೊತೆಯ ಡ್ರೈವರ್ ಒಬ್ಬ ಗಾಂಜಾ ಇಟ್ಟುಕೊಂಡು ಸಿಕ್ಕಿಬಿದ್ದು ಜೈಲಿಗೆ ಹೋಗಿದ್ದು ನಮಗೆ ಗೊತ್ತಿತ್ತು. ತಮ್ಮ ಉಳಿದ ಎಂಬ ಸಂತೋಷಕ್ಕಿಂತ ಮೊದಲು ನನಗೆ ಬಂದದ್ದು ಸ್ಟೇಷನ್ನಿನ ಭಯ. ಹೀಗಾಗಬಾರದಿತ್ತು ಅಲ್ವಾ?

ಆ ವಾರ ರಾತ್ರಿ ಕೂತು ಕಾನೂನು ಓದಿದೆ. ಮೊದಲು ಅಫೀಮು, ಗಾಂಜಾ ಎರಡನ್ನೂ ಸರ್ಕಾರದ ಲೈಸೆನ್ಸ್ ಅಂಗಡಿಗಳಲ್ಲೇ ಮಾರುತ್ತಿದ್ದರು. ಅದರಿಂದ ಸರ್ಕಾರಕ್ಕೆ ವರಮಾನ ಬರುತ್ತಿತ್ತು. 1961ರಲ್ಲಿ ವಿಶ್ವಸಂಸ್ಥೆಯ ಒಪ್ಪಂದ ಆಯಿತು. ಗಾಂಜಾ ನಿಲ್ಲಿಸಲು 25 ವರ್ಷದ ಗಡುವು ಬಂತು. ಆ ಗಡುವು ಮುಗಿಯುತ್ತಾ ಬಂದಾಗ, 1985ರಲ್ಲಿ, ಎನ್‌ಡಿಪಿಎಸ್ ಕಾಯ್ದೆ ಬಂತು. ಆ ವರ್ಷದ ಆಗಸ್ಟ್‌ನಲ್ಲಿ ಸಂಸತ್ತಿಗೆ ಬಂದದ್ದು ನವೆಂಬರ್ 14ಕ್ಕೆ ಜಾರಿಯೇ ಆಗಿಬಿಟ್ಟಿತು. ಹೆಚ್ಚಿನ ಅಪರಾಧಗಳಿಗೆ ಕನಿಷ್ಠ 10 ವರ್ಷ ಜೈಲು. 1989ರಲ್ಲಿ ಜಾಮೀನು ಇನ್ನೂ ಕಷ್ಟವಾಯಿತು, ಮರಣದಂಡನೆಯೂ ಸೇರಿತು. ಇಷ್ಟು ಗ್ರಾಂ ಸಿಕ್ಕರೆ ಇಷ್ಟು ಶಿಕ್ಷೆ ಎಂಬ ಲೆಕ್ಕ ಬಂದದ್ದು 2001ರಲ್ಲಿ. ಈಗ ಹೆರಾಯಿನ್ 5 ಗ್ರಾಂವರೆಗೆ, ಗಾಂಜಾ 1 ಕಿಲೋವರೆಗೆ ಸಣ್ಣ ಪ್ರಮಾಣ. ಬರೀ ಸೇವಿಸಿದ್ದಕ್ಕೂ 27ನೆಯ ಸೆಕ್ಷನ್ನಿನಲ್ಲಿ ಶಿಕ್ಷೆ ಇದೆ. ಯಾವ ವಸ್ತು ಎಂಬುದರ ಮೇಲೆ ಆರು ತಿಂಗಳು ಅಥವಾ ಒಂದು ವರ್ಷದವರೆಗೆ.

ಅದೇ ಕಾನೂನಿನ ಒಳಗೆ 64ಎ ಎಂಬ ಸೆಕ್ಷನ್ ಇದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ತೆಗೆದುಕೊಂಡರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆ ಪೂರ್ತಿ ಮಾಡಬೇಕು, ಅಷ್ಟೇ. ನಾನು ಆ ಸಾಲುಗಳನ್ನು ಮೂರು ಸಲ ಓದಿದೆ. 27 ಎಲ್ಲರಿಗೂ ಗೊತ್ತು, 64ಎ ಯಾರಿಗೂ ಗೊತ್ತಿಲ್ಲ. ಶಾಲೆಯ ಪೋಸ್ಟರಿನಲ್ಲಿ ಜೈಲಿನ ಕಂಬಿ ಬರೆಯುತ್ತೇವೆ, ಆಸ್ಪತ್ರೆಯ ಬಾಗಿಲು ಬರೆಯುವುದಿಲ್ಲ.

ಇನ್ನೊಂದನ್ನೂ ಓದಿದೆ. ಸಂವಿಧಾನದ 47ನೆಯ ವಿಧಿಯಲ್ಲಿ ಮತ್ತು ಬರಿಸುವ ಪಾನೀಯ, ಆರೋಗ್ಯ ಕೆಡಿಸುವ ಮಾದಕ ವಸ್ತು ಎರಡೂ ಒಂದೇ ಸಾಲಿನಲ್ಲಿವೆ. ನಮ್ಮ ಮನೆಯಲ್ಲೂ ಒಂದೇ ಸಾಲಿನಲ್ಲಿದ್ದವು. ಅಪ್ಪನದು ಸರ್ಕಾರಕ್ಕೆ ಆದಾಯ ತಂದಿತು. ತಮ್ಮನದಕ್ಕೆ ಸ್ಟೇಷನ್ನಿನ ಭಯ. ಇಬ್ಬರಿಗೂ ಹೊತ್ತಿಗೆ ಡಾಕ್ಟರ್ ಸಿಗಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಮಾಡಿದ ಸಮೀಕ್ಷೆ ಪ್ರಕಟವಾಯಿತು. ಕುಡಿತಕ್ಕೆ ಪೂರ್ತಿ ಸಿಕ್ಕಿಬಿದ್ದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿತ್ತು ಎಂದು ಅದರಲ್ಲಿದೆ. ಅದೇ ವರ್ಷ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ಮದ್ಯ ನಿಷೇಧ ಮಾಡಿ ಎಂದು ನಡೆದುಕೊಂಡು ಬಂದರು. ಅಮ್ಮ ಟಿವಿಯಲ್ಲಿ ಅವರ ಒಡೆದ ಪಾದ ನೋಡಿ ಅತ್ತಳು. ಅವರ ನೋವು ನನ್ನ ಅಮ್ಮನದೇ ನೋವು. ಆದರೆ ಅಂಗಡಿ ಮುಚ್ಚಿ ಎಂದು ಕೇಳುವಾಗ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ನಾಲ್ಕು ಹಾಸಿಗೆಯನ್ನೂ ಕೇಳಬೇಕು ಎಂದು ನನಗೆ ಅನಿಸುತ್ತದೆ. 2007ರ ಆ ಮೂರನೆಯ ದಿನ ನೋಡಿದವರಿಗೆ ಬೇರೆ ಹೇಗೆ ಅನಿಸೀತು?

ನವೆಂಬರ್‌ನಲ್ಲಿ ಒಂದು ರಾತ್ರಿ ಎರಡು ಗಂಟೆಗೆ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಸಹಾಯವಾಣಿ, ಶುರುವಾಗಿ ಒಂದು ತಿಂಗಳಾಗಿತ್ತು. ಆ ಕಡೆಯ ಹುಡುಗಿ ಕನ್ನಡದಲ್ಲಿ ಮಾತಾಡಿದಳು. ಹೆಸರು ಹೇಳಿ ಎಂದು ಬಲವಂತ ಮಾಡಲಿಲ್ಲ. ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ, ಈ ಕಾಯಿಲೆಗೆ ಮಾತ್ರೆ ಇದೆ ಎಂದಳು. ಆ "ಕಾಯಿಲೆ" ಎಂಬ ಒಂದು ಪದಕ್ಕೆ ನಾನು ಫೋನಿನಲ್ಲೇ ಅತ್ತುಬಿಟ್ಟೆ.

ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಕಾದೆವು. ನಮ್ಮ ಸರದಿ ಬರುವ ಹೊತ್ತಿಗೆ ಮಧ್ಯಾಹ್ನ. ಡಾಕ್ಟರ್ ನನ್ನನ್ನು ಹೊರಗೆ ಕೂರಿಸಿ ತಮ್ಮನ ಹತ್ತಿರ ಮುಕ್ಕಾಲು ಗಂಟೆ ಮಾತಾಡಿದರು. ಎಷ್ಟು ವರ್ಷದಿಂದ, ಎಷ್ಟು ಮಾತ್ರೆ, ಇಂಜೆಕ್ಷನ್ ಮಾಡಿಕೊಂಡಿದ್ದಾನಾ, ಸಾಯಬೇಕು ಅನಿಸಿದೆಯಾ. ಮೂತ್ರ ಪರೀಕ್ಷೆ, ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ, ಲಿವರ್ ಪರೀಕ್ಷೆ. ಆಮೇಲೆ ನನ್ನನ್ನು ಒಳಗೆ ಕರೆದರು.

ಔಷಧಿಯ ಹೆಸರು ಬ್ಯುಪ್ರೆನಾರ್ಫಿನ್, ಜೊತೆಗೆ ನಲಾಕ್ಸೋನ್ ಸೇರಿಸಿದ್ದು. ಡಾಕ್ಟರ್ ಹೀಗೆ ಹೇಳಿದರು: "ಅವನ ಮೆದುಳಲ್ಲಿ ಆ ಮಾತ್ರೆ ಕೂರ್ತಿದ್ದ ಜಾಗ ಇದೆಯಲ್ಲ, ಇದು ಹೋಗಿ ಅಲ್ಲಿ ಕೂರುತ್ತೆ. ಅರ್ಧ ಕೆಲಸ ಮಾತ್ರ ಮಾಡುತ್ತೆ. ಚಳಿ, ನೋವು, ಆಸೆ ತಡೆಯುತ್ತೆ. ಅಮಲು ಏರಲ್ಲ." ಆದರೆ ಒಂದು ಷರತ್ತು. ಹಳೆಯ ಮಾತ್ರೆ ಇನ್ನೂ ಮೈಯಲ್ಲಿ ಇರುವಾಗ ಇದನ್ನು ಕೊಟ್ಟರೆ ಇದು ಅದನ್ನು ನೂಕಿ ಕೂರುತ್ತದೆ, ಸಂಕಟ ಒಮ್ಮೆಲೇ ಬರುತ್ತದೆ. ಅದಕ್ಕೇ ಕಾಯಬೇಕು. ಆಕಳಿಕೆ, ನಡುಕ ಶುರುವಾದ ಮೇಲೆ ಬನ್ನಿ ಅಂದರು.

ಆ ರಾತ್ರಿ ನಾವಿಬ್ಬರೂ ಮಲಗಲಿಲ್ಲ. ಅವನು ಹಾಲಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದ. ನಾನು ಬಾಗಿಲ ಬಳಿ ಕೂತಿದ್ದೆ. ಬೀಗ ಹಾಕಿರಲಿಲ್ಲ. ಬೀಗದ ಕೈ ಅವನ ಮುಂದೆಯೇ ಟೇಬಲ್ ಮೇಲೆ ಇಟ್ಟಿದ್ದೆ. ಮೂರು ಗಂಟೆಗೆ ಒಂದು ಸಲ ಅದನ್ನು ಕೈಗೆ ತೆಗೆದುಕೊಂಡ. ಮತ್ತೆ ಇಟ್ಟ. ಬೆಳಗ್ಗೆ ಆಕಳಿಕೆ ಶುರುವಾಯಿತು. ಅದನ್ನು ಕಂಡು ಸಮಾಧಾನ ಆದದ್ದು ಅದೇ ಮೊದಲು.

ವಾರ್ಡಿನಲ್ಲಿ ಸಿಸ್ಟರ್ ಮಾತ್ರೆ ಕೊಟ್ಟರು. ನಾಲಿಗೆ ಕೆಳಗಿಟ್ಟುಕೋ, ನುಂಗಬೇಡ, ಮಾತಾಡಬೇಡ, ಪೂರ್ತಿ ಕರಗಲಿ ಅಂದರು. ಹತ್ತು ನಿಮಿಷ. ಕರಗಿದ ಮೇಲೆ ನಾಲಿಗೆ ಎತ್ತಿ ತೋರಿಸಬೇಕು. ಮುಕ್ಕಾಲು ಗಂಟೆಯಲ್ಲಿ ತೋಳಿನ ಕೂದಲು ಕೆಳಗೆ ಮಲಗಿತು. ಮೂಗು ಸೋರುವುದು ನಿಂತಿತು. ಎರಡು ಗಂಟೆ ಆದ ಮೇಲೆ, "ಅಕ್ಕ, ಮೊಸರನ್ನ ಸಿಗುತ್ತಾ?" ಅಂದ. ಕ್ಯಾಂಟೀನಿಗೆ ಓಡಿದೆ.

ಎರಡು ವಾರ ದಿನಾ ಹೋಗಬೇಕಿತ್ತು. ಎರಡು ಬಸ್ ಬದಲಿಸಿ ಹೋಗಿ ಬರಲು ಅರ್ಧ ದಿನ. ಕ್ಯಾಬ್ ಕೆಲಸ ಹೋಯಿತು. ನಾನು ಮೊದಲ ಅವಧಿಯ ಪಾಠ ಬದಲಿಸಿಕೊಂಡೆ. ಈ ಮಾತ್ರೆ ಕೂಡ ಎನ್‌ಡಿಪಿಎಸ್ ಪಟ್ಟಿಯಲ್ಲೇ ಇದೆ. ಹಾಗಾಗಿ ನಮ್ಮ ಬೀದಿಯ ಮೆಡಿಕಲ್ ಸ್ಟೋರಿನಲ್ಲಿ ಸಿಗುವುದಿಲ್ಲ. ಚಿಕಿತ್ಸಾ ಕೇಂದ್ರದಿಂದಲೇ ತರಬೇಕು. ದುರುಪಯೋಗ ಆಗಬಾರದು ಎಂಬುದು ನಿಜ. ಆದರೆ ತಮ್ಮನನ್ನು ಕೆಡಿಸಿದ ಮಾತ್ರೆ ಐದು ನಿಮಿಷ ನಡೆದರೆ ಸಿಗುತ್ತಿತ್ತು. ಉಳಿಸಿದ ಮಾತ್ರೆಗೆ ಎರಡು ಬಸ್. ಒಮ್ಮೆ ಸ್ಟಾಕ್ ಮುಗಿದು ಮೂರು ದಿನ ತಡವಾಯಿತು. ಆ ಮೂರು ದಿನದಲ್ಲಿ ಅವನು ಒಮ್ಮೆ ಹಳೆಯ ಗೆಳೆಯನ ಹತ್ತಿರ ಹೋದ. ತಾನೇ ಬಂದು ಹೇಳಿದ. ಡಾಕ್ಟರ್ ಬೈಯಲಿಲ್ಲ. "ಬಂದು ಹೇಳಿದೆಯಲ್ಲ, ಅದು ಒಳ್ಳೇದಾಯ್ತು" ಎಂದು ಮಾತ್ರೆಯ ಪ್ರಮಾಣ ಸ್ವಲ್ಪ ಬದಲಿಸಿದರು.

ಅಮ್ಮನನ್ನು ಒಪ್ಪಿಸುವುದೇ ಕಷ್ಟವಾಯಿತು. ಹಾಸನದಿಂದ ಬಂದವಳು ಸ್ಟ್ರಿಪ್ ನೋಡಿ, "ಒಂದು ಚಟ ಬಿಡ್ಸಿ ಇನ್ನೊಂದು ಚಟ ಹಚ್ಚಿದ್ಯೇನೇ?" ಎಂದಳು. ಅಂದು ಚಿಕ್ಕಪ್ಪ ಸಾರಾಯಿ ಬದಲಿಗೆ ವಿಸ್ಕಿ ತಂದದ್ದು ಅವಳ ಕಣ್ಣ ಮುಂದೆ ಇತ್ತು, ನನಗೆ ಗೊತ್ತು. ನಾನು ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿದೆ. ಅವಳಿಗೆ ಹಿಡಿಸಲಿಲ್ಲ. ಒಂದು ದಿನ ತಮ್ಮನೇ ಹೇಳಿದ: "ಅಮ್ಮಾ, ಆ ಮಾತ್ರೆ ಇದ್ದಾಗ ಬೆಳಗ್ಗೆ ಎದ್ದ ತಕ್ಷಣ ಇವತ್ತು ಎಲ್ಲಿಂದ ತರೋದು ಅಂತಲೇ ಯೋಚನೆ. ಈಗ ಎದ್ರೆ ತಿಂಡಿ ಏನು ಅಂತ ಯೋಚನೆ ಬರುತ್ತೆ." ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಅವತ್ತು ಅಕ್ಕಿರೊಟ್ಟಿ ಮಾಡಿದಳು.

ಎಷ್ಟು ದಿನ ತೆಗೆದುಕೊಳ್ಳಬೇಕು ಎಂದು ನಾವು ಪ್ರತಿ ಸಲ ಕೇಳುತ್ತಿದ್ದೆವು. ಅವಸರ ಬೇಡ, ವರ್ಷಗಳೇ ಆಗಬಹುದು, ಜೀವನ ಒಂದು ಹದಕ್ಕೆ ಬಂದ ಮೇಲೆ ನಿಧಾನಕ್ಕೆ ಇಳಿಸೋಣ ಎನ್ನುತ್ತಾರೆ. ಈಗ ನಾನು ಕೇಳುವುದನ್ನು ಬಿಟ್ಟಿದ್ದೇನೆ.

ಈಗ ಎರಡು ವಾರಕ್ಕೊಮ್ಮೆ ಹೋದರೆ ಸಾಕು, ಮಾತ್ರೆ ಮನೆಗೆ ಕೊಡುತ್ತಾರೆ. ತಮ್ಮ ಒಂದು ಗೋಡೌನಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದಾನೆ. ಬೆಳಗ್ಗೆ ಏಳೂವರೆಗೆ ಮಾತ್ರೆ ಇಟ್ಟುಕೊಂಡು ಜಗಲಿಯ ಮೇಲೆ ಕೂರುತ್ತಾನೆ. ಆ ಹತ್ತು ನಿಮಿಷ ಅವನನ್ನು ಯಾರೂ ಮಾತಾಡಿಸಬಾರದು ಎಂದು ನನ್ನ ಮಗಳಿಗೂ ಗೊತ್ತು. ಅವಳು ಪಕ್ಕದಲ್ಲಿ ಕೂತು ಸುಮ್ನೆ ಶೂ ಲೇಸ್ ಕಟ್ಟಿಕೊಳ್ಳುತ್ತಾಳೆ. ಅಮ್ಮ ಒಳಗಿನಿಂದ ಗಡಿಯಾರ ನೋಡುತ್ತಿರುತ್ತಾಳೆ. ಏಳು ನಲವತ್ತಕ್ಕೆ ಬಾಗಿಲಿಗೆ ಬಂದು, "ಆಯ್ತೇನೋ?" ಎಂದು ಕೇಳುತ್ತಾಳೆ. ಅವನು ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸುತ್ತಾನೆ. "ಸರಿ, ತಿಂಡಿಗೆ ಬಾ" ಎನ್ನುತ್ತಾಳೆ.